ಬಾಗಿಲ ಪಕ್ಕದ ಪುಸ್ತಕ

ನನ್ನ ಮೊದಲ ಹಾಜರಿ ಪುಸ್ತಕ ಇನ್ನೂ ಅಟ್ಟದ ಮೇಲಿದೆ. ಅದರ ಮೊದಲ ಮೂರು ವಾರಗಳನ್ನು ನಂಬುವುದಾದರೆ, ಇಂಗ್ಲೆಂಡಿನ ನಮ್ಮ ಬೀದಿಯ ಮಕ್ಕಳೆಲ್ಲ ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಬಂದು ಸಂಜೆ ಸರಿಯಾಗಿ ಐದೂವರೆಗೆ ಹೋಗಿದ್ದಾರೆ. ಮಳೆ ಸುರಿದ ದಿನವೂ ಎಂಟು, ರೈಲು ರದ್ದಾದ ದಿನವೂ ಎಂಟು. ಅಕ್ಷರವೆಲ್ಲ ಒಂದೇ ಕಡೆ ವಾಲಿದೆ, ಶಾಯಿಯೂ ಒಂದೇ. ಶುಕ್ರವಾರ ರಾತ್ರಿ ಊಟ ಮುಗಿಸಿ, ಸೋಫಾದ ಮೇಲೆ ಕಾಲು ಮಡಚಿ ಕೂತು, ಇಡೀ ವಾರದ್ದನ್ನು ಒಂದೇ ಉಸಿರಿಗೆ ತುಂಬುತ್ತಿದ್ದೆ. ತಪಾಸಣೆಗೆ ಬಂದ ಹೆಂಗಸು ಅದನ್ನು ನೋಡಿ ಬೈಯಲಿಲ್ಲ. ಸಾಲುಗಳ ಮೇಲೆ ಬೆರಳು ಓಡಿಸಿ, "ನಿಮ್ಮಲ್ಲಿಗೆ ಬರುವ ಅಪ್ಪ ಅಮ್ಮಂದಿರು ಗಡಿಯಾರದ ಹಾಗಿದ್ದಾರೆ" ಎಂದು ನಕ್ಕರು, ಅಷ್ಟೆ. ನನಗೆ ಕೂತಲ್ಲೇ ಕುಗ್ಗಿಹೋದಂತಾಯಿತು.

ನಾನು ಚೈಲ್ಡ್‌ಮೈಂಡರ್. ಬೇರೆಯವರ ಪುಟ್ಟ ಮಕ್ಕಳನ್ನು ಹಗಲು ಹೊತ್ತು ನಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುವವಳು. ಈ ಅಂಕಣದಲ್ಲಿ ಒಮ್ಮೆ ಆ ಮಾತು ಬಂದದ್ದೇ ತಡ, ರೆಡಿಂಗ್, ಸ್ಲೌ, ಮಿಲ್ಟನ್ ಕೀನ್ಸ್ ಕಡೆಯಿಂದ ಪತ್ರಗಳು ಶುರುವಾದವು. ಬರೆಯುವವರು ಹೆಚ್ಚಿನಂಶ ಗಂಡನ ಕೆಲಸದ ವೀಸಾದ ಜೊತೆ ಬಂದ ಹೆಣ್ಣುಮಕ್ಕಳು. ಓದಿದ್ದಾರೆ, ಊರಲ್ಲಿ ಕೆಲಸ ಮಾಡಿ ಬಂದವರಿದ್ದಾರೆ, ಇಲ್ಲಿ ಕೈಯಲ್ಲಿ ಒಂದು ಕೂಸು. "ಅಕ್ಕ, ನಮ್ಮ ಮಗುವಿನ ಜೊತೆಗೇ ಇನ್ನೆರಡು ಮಕ್ಕಳನ್ನು ನೋಡಿಕೊಂಡರೆ ಆಗುವುದಿಲ್ಲವಾ? ಆದರೆ ದಿನಾ ಹಾಜರಿ ಗೀಜರಿ ಬರೆಯಬೇಕಂತೆ, ನಿಜವಾ?" ಹಾಸನದಲ್ಲಿರುವ ನನ್ನ ಚಿಕ್ಕಮ್ಮನದು ಬೇರೆಯದೇ ಪ್ರಶ್ನೆ. "ಮೂರು ಮತ್ತೊಂದು ಮಕ್ಕಳಿಗೆ ಪುಸ್ತಕ ಯಾಕೇ? ಕಣ್ಣೆದುರಿಗೇ ಇರುತ್ತವಲ್ಲ!"

ನಿಜ, ಬರೆಯಬೇಕು. ಇಂಗ್ಲೆಂಡಿನಲ್ಲಿ 8 ವರ್ಷದೊಳಗಿನ ಮಗುವನ್ನು ದಿನಕ್ಕೆ 2 ಗಂಟೆಗಿಂತ ಹೆಚ್ಚು ಹೊತ್ತು ನಮ್ಮ ಮನೆಯಲ್ಲಿ ದುಡ್ಡು ಪಡೆದು ನೋಡಿಕೊಳ್ಳುವುದಾದರೆ ಆಫ್‌ಸ್ಟೆಡ್‌ನಲ್ಲೋ ಚೈಲ್ಡ್‌ಮೈಂಡರ್ ಏಜೆನ್ಸಿಯಲ್ಲೋ ಹೆಸರು ನೋಂದಾಯಿಸಬೇಕು. ಆಫ್‌ಸ್ಟೆಡ್ ಎಂದರೆ ಶಾಲೆಗಳ ತಪಾಸಣೆ ಮಾಡುವ ಸಂಸ್ಥೆ. 2001ರಲ್ಲಿ ಸ್ಥಳೀಯ ಕೌನ್ಸಿಲ್‌ಗಳ ಕೈಯಿಂದ ನಮ್ಮಂಥವರ ಉಸ್ತುವಾರಿಯೂ ಅದಕ್ಕೇ ಬಂತು. (ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳ ಏರ್ಪಾಡು ಬೇರೆ, ಅಲ್ಲಿರುವವರು ಈ ಲೇಖನ ಹಿಡಿದುಕೊಂಡು ವಾದಕ್ಕೆ ಹೋಗಬೇಡಿ.) ಪುಟ್ಟ ಮಕ್ಕಳ ಪಾಲನೆಗೆ 2008ರಿಂದ ಜಾರಿಯಲ್ಲಿರುವ ಇ.ವೈ.ಎಫ್.ಎಸ್. ಎಂಬ ನಿಯಮಾವಳಿ ಇದೆ. 2024ರ ಜನವರಿಯಿಂದ ಚೈಲ್ಡ್‌ಮೈಂಡರ್‌ಗಳಿಗೆಂದೇ ಅದರ ಪ್ರತ್ಯೇಕ ಆವೃತ್ತಿ ಬಂದಿದೆ. ಪುಟಗಟ್ಟಲೆ ಇರುವ ಆ ನಿಯಮಾವಳಿಯಲ್ಲಿ ಹಾಜರಿಯ ಮಾತು ಬಹಳ ಚಿಕ್ಕದು. ಅಂದು ಮನೆಯಲ್ಲಿದ್ದ ಮಕ್ಕಳ ಹೆಸರು, ಅವರು ಇದ್ದ ಹೊತ್ತು, ಪ್ರತಿ ಮಗುವಿನ ಹೊಣೆ ಯಾರದು, ಇಷ್ಟನ್ನು ಪ್ರತಿದಿನ ದಾಖಲಿಸಿಡಿ. ಮೂರನೆಯದು ನಮ್ಮಂಥ ಒಂಟಿ ಮನೆಗಳಲ್ಲಿ ಪ್ರಶ್ನೆಯೇ ಅಲ್ಲ, ಹೊಣೆ ನಮ್ಮದೇ. ಇಂಥದೇ ನಮೂನೆ ಬೇಕು, ಇಂಥದೇ ಆ್ಯಪ್ ಬೇಕು, ಪೋಷಕರ ಸಹಿ ಬೇಕು ಎಂದೇನೂ ಇಲ್ಲ. ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು.

ಹಾಗಾದರೆ ಕಷ್ಟ ಎಲ್ಲಿ? ಕಷ್ಟ ನನ್ನಂಥವರ ತಲೆಯಲ್ಲಿ. ನಾನು ಹಾಜರಿ ಪುಸ್ತಕವನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದೆ. ನಮ್ಮಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು ಬಂದ ದಿನಕ್ಕೆ ಏನೂ ಬರೆಯುತ್ತಿರಲಿಲ್ಲ, ಬಾರದ ದಿನಕ್ಕೆ ಒಂದು ಅಡ್ಡಗೀಟು, ನೆಂಟರು ಬಂದ ದಿನಕ್ಕೆ 'ಅರ್ಧ ಹೆಚ್ಚು'. ತಿಂಗಳ ಕೊನೆಗೆ ಕೂಡಿ ಕಳೆದು ದುಡ್ಡು ಕೊಟ್ಟರೆ ಮುಗಿಯಿತು. ನನ್ನ ಪುಸ್ತಕವೂ ಬಿಲ್ಲಿಗಾಗಿ ಎಂದೇ ನಾನು ತಿಳಿದಿದ್ದರಿಂದ ಕರಾರಿನಲ್ಲಿದ್ದ ಹೊತ್ತನ್ನೇ ಬರೆದೆ. ಎಂಟರಿಂದ ಐದೂವರೆಗೆ ತಾನೇ ದುಡ್ಡು ಕೊಡುವುದು? ಮಗು ಎಂಟೂ ಇಪ್ಪತ್ತಕ್ಕೆ ಬಂದರೆ ಯಾರಿಗೇನು ನಷ್ಟ?

ಉತ್ತರ ಸಿಕ್ಕಿದ್ದು ಒಂದು ಒಗ್ಗರಣೆಯಿಂದ. ಅಂದು ಸಂಜೆ ನಾಲ್ಕರ ಹೊತ್ತು, ನನ್ನ ಮಗನಿಗೆಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಣಮೆಣಸಿನಕಾಯಿ ಸ್ವಲ್ಪ ಹೆಚ್ಚೇ ಕಪ್ಪಾಯಿತು. ಹಜಾರದ ಹೊಗೆ ಅಲಾರಮ್ಮು ಕಿರುಚಿಕೊಂಡಿತು. ನನಗೆ ಕಾರಣ ಗೊತ್ತಿದ್ದರೂ, ಅಲಾರಮ್ ಆದರೆ ಎಲ್ಲರೂ ಹೊರಗೆ ಎಂದು ಮಕ್ಕಳಿಗೆ ನಾನೇ ಕಲಿಸಿದ್ದೆನಲ್ಲ, ಒಲೆ ಆರಿಸಿ ಎಲ್ಲರನ್ನೂ ಫುಟ್‌ಪಾತಿಗೆ ಕರೆದುಕೊಂಡು ಹೋದೆ. ಕೆಮ್ಮುತ್ತಾ ಎಣಿಸಿದೆ. ಪುಟ್ಟವರು ಇಬ್ಬರು, ಶಾಲೆಯಿಂದ ಬಂದವರು ಇಬ್ಬರು, ನನ್ನ ಮಗ. ಪುಟ್ಟವರು ಮೂವರಲ್ಲವೇ? ಎದೆ ಧಸಕ್ಕೆಂದಿತು. ಎದುರು ಮನೆಯ ಅಜ್ಜಿಯ ಕೈಗೆ ಮಕ್ಕಳನ್ನು ಒಪ್ಪಿಸಿ ಒಳಗೆ ಓಡಿದೆ. ಮೇಲಿನ ಕೋಣೆ, ಮಂಚದ ಅಡಿ, ಬಟ್ಟೆಯ ಬೀರು, ಬಚ್ಚಲು. ಹೆಸರು ಹಿಡಿದು ಕೂಗಿದೆ. ಅಡುಗೆಮನೆಯ ಮೇಜಿನ ಮೇಲೆ ಹಾಜರಿ ಪುಸ್ತಕ ಮುಚ್ಚಿಕೊಂಡು ಕೂತಿತ್ತು. ತೆರೆದಿದ್ದರೂ ಅದರಲ್ಲಿ ಆ ದಿನದ್ದು ಏನೂ ಇರಲಿಲ್ಲ. ಆಮೇಲೆ ನೆನಪಾಯಿತು. ಅವಳಪ್ಪ ಎರಡು ಗಂಟೆಗೇ ಬಂದು ಚುಚ್ಚುಮದ್ದಿಗೆಂದು ಕರೆದುಕೊಂಡು ಹೋಗಿದ್ದ. ನಾನೇ ಬಾಗಿಲಲ್ಲಿ ನಿಂತು ಟಾಟಾ ಮಾಡಿದ್ದೆ. ಒಳಗೆ ಬಂದ ಕೂಡಲೆ ಇನ್ನೊಂದು ಮಗುವಿನ ಡಯಪರ್, ಅದರ ಬೆನ್ನಿಗೇ ಶಾಲೆಯ ಗೇಟಿಗೆ ಓಟ. ಟಾಟಾ ಮಾಡಿದ್ದು ತಲೆಯಿಂದ ಅಳಿಸಿಹೋಗಿತ್ತು.

ನಿಜವಾದ ಬೆಂಕಿಯಾಗಿದ್ದರೆ ಇಲ್ಲದ ಮಗುವಿಗಾಗಿ ನಾನೋ ಅಗ್ನಿಶಾಮಕದ ಯಾರೋ ಹೊಗೆಯೊಳಗೆ ನುಗ್ಗುತ್ತಿದ್ದೆವು. ಇದ್ದ ಮಗುವನ್ನು ಹೋಗಿದೆ ಎಂದುಕೊಳ್ಳುವುದೂ ಅಷ್ಟೇ ಸುಲಭ. ಅದನ್ನು ಯೋಚಿಸಲೂ ನನಗೆ ಇಷ್ಟವಿಲ್ಲ. ಚಿಕ್ಕಮ್ಮ ಹೇಳುವ 'ಕಣ್ಣೆದುರಿಗೇ ಇರುತ್ತವಲ್ಲ' ಎಂಬ ಮಾತು ಅಲ್ಲಿಗೆ ಮುಗಿಯಿತು. ಈ ಪುಸ್ತಕದ ಕೆಲಸ ಒಂದೇ: ಈ ಗಳಿಗೆಯಲ್ಲಿ ಈ ಮನೆಯೊಳಗೆ ಯಾರಿದ್ದಾರೆ ಎಂದು ನನ್ನನ್ನು ಕೇಳದೆಯೇ ಹೇಳುವುದು. ರಾತ್ರಿ ತುಂಬಿದ ಪುಸ್ತಕ ಆ ಕೆಲಸ ಮಾಡಲಾರದು, ಎಷ್ಟೇ ಅಂದವಾಗಿದ್ದರೂ. ಮರುದಿನವೇ ಅದನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, ನಮ್ಮೂರ ಅಂಚೆ ಕಚೇರಿಯಲ್ಲಿ ಇರುತ್ತಿತ್ತಲ್ಲ, ಹಾಗೆ ಒಂದು ಪೆನ್ನನ್ನು ದಾರಕ್ಕೆ ಕಟ್ಟಿದೆ. ಮಗು ಹೊಸ್ತಿಲು ದಾಟಿದ ಮೇಲೆ ಅಂಗಿ ಬಿಚ್ಚುವ ಮೊದಲು ಬರೆಯುವುದು. ಹೋಗುವಾಗ ಬಾಗಿಲು ಮುಚ್ಚುವ ಮೊದಲು ಬರೆಯುವುದು. ಪಾರ್ಕಿಗೆ ಹೋದರೆ ಪುಸ್ತಕವೂ ಡಯಪರ್ ಚೀಲದಲ್ಲಿ ಬರುತ್ತದೆ. ಅಲಾರಮ್ ಆದರೆ ಮಕ್ಕಳಿಗಿಂತ ಮುಂಚೆ ಕೈಗೆ ಸಿಗುವುದು ಅದೇ.

ನಿಜವಾದ ಹೊತ್ತು ಬರೆಯಲು ಶುರು ಮಾಡಿದ ಮೇಲೆ ಪುಸ್ತಕ ನನ್ನ ಮೇಲೆಯೇ ಚಾಡಿ ಹೇಳತೊಡಗಿತು. ನಮ್ಮ ಕಸುಬಿನಲ್ಲಿ ಆರು, ಮೂರು, ಒಂದು ಎಂಬ ಲೆಕ್ಕವಿದೆ. ಒಮ್ಮೆಗೆ 8 ವರ್ಷದೊಳಗಿನವರು 6 ಮಂದಿಗಿಂತ ಹೆಚ್ಚಿರಬಾರದು. ಅವರಲ್ಲಿ ಪುಟ್ಟವರು, ಅಂದರೆ ಐದು ತುಂಬಿದ ಮೇಲಿನ ಸೆಪ್ಟೆಂಬರ್ 1 ಇನ್ನೂ ಬಾರದವರು, 3 ಮಂದಿ. ಆ ಮೂವರಲ್ಲಿ ವರ್ಷ ತುಂಬದ ಕೂಸು 1. ಹೊಸಬರು ಮರೆಯುವುದೇನೆಂದರೆ ನಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳೂ ಈ ಎಣಿಕೆಯಲ್ಲಿ ಸೇರುತ್ತಾರೆ. ನಮ್ಮಲ್ಲಿ ಬುಧವಾರ ಒಬ್ಬ ಹುಡುಗ ಮಧ್ಯಾಹ್ನ ಒಂದಕ್ಕೆ ಹೋಗಬೇಕು, ಇನ್ನೊಬ್ಬಳು ಒಂದಕ್ಕೆ ಬರಬೇಕು. ಕರಾರಿನ ಪ್ರಕಾರ ಎಂದೂ ಮೂವರೇ. ಪುಸ್ತಕದ ಪ್ರಕಾರ ಹುಡುಗಿ ಹತ್ತು ನಿಮಿಷ ಮೊದಲೇ ಬರುತ್ತಾಳೆ, ಹುಡುಗನ ಅಮ್ಮ ಇಪ್ಪತ್ತು ನಿಮಿಷ ತಡ. ಪ್ರತಿ ಬುಧವಾರ ಅರ್ಧ ಗಂಟೆ ನನ್ನ ಬಳಿ ನಾಲ್ವರು ಪುಟ್ಟವರು! ವಿನಾಯಿತಿಗಳಿವೆ: ಒಡಹುಟ್ಟಿದ ಕೂಸುಗಳು, ಸ್ವಂತ ಮಗು, ನೋಡಿಕೊಳ್ಳುವವರು ಬದಲಾಗದಿರಲಿ ಎಂಬಂಥ ಕಾರಣ. ಎಲ್ಲ ಮಕ್ಕಳ ಬೇಕುಬೇಡಗಳೂ ನಡೆಯುತ್ತಿವೆ ಎಂದು ಪೋಷಕರಿಗೂ ತಪಾಸಣೆಯವರಿಗೂ ತೋರಿಸಿಕೊಡಬೇಕು. 'ಅಮ್ಮ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಳು' ಎಂಬುದು ವಾರವಾರವೂ ನಡೆಯುವ ಕಾರಣವಲ್ಲ. ಹುಡುಗಿಯ ಹೊತ್ತನ್ನು ಒಂದೂವರೆಗೆ ಬದಲಾಯಿಸಿದೆ. ಮೂರು ವರ್ಷದ ಅವಳಿಗೆ ಇದರಿಂದ ಏನೂ ಆಗಲಿಲ್ಲ, ಅವಳಪ್ಪ ಮಾತ್ರ ಎರಡು ವಾರ ಮುಖ ಊದಿಸಿಕೊಂಡಿದ್ದ.

ಶಾಲೆಯಿಂದ ಕರೆತರುವ ಮಕ್ಕಳ ಹೊತ್ತು ಯಾವುದು ಎಂದು ಎಷ್ಟೋ ಮಂದಿ ಕೇಳಿದ್ದಾರೆ. ಮನೆ ತಲುಪಿದ ಹೊತ್ತಲ್ಲ. ಟೀಚರ್ ಗೇಟಿನಲ್ಲಿ ನನ್ನ ಕೈಗೆ ಒಪ್ಪಿಸಿದ ಹೊತ್ತು. ಅಲ್ಲಿಂದ ನಮ್ಮ ಮನೆಗೆ ಹದಿನೈದು ನಿಮಿಷದ ನಡಿಗೆ, ಎರಡು ರಸ್ತೆ ದಾಟಬೇಕು. ಆ ಹದಿನೈದು ನಿಮಿಷ ಮಗು ನನ್ನದೇ.

ಇನ್ನು ಬಾರದವರ ವಿಷಯ. ಹಾಲು ಬಾರದಿದ್ದರೆ ಕಪ್ಪು ಕಾಫಿ ಕುಡಿಯಬಹುದು. ಮಗು ಬಾರದಿದ್ದರೆ? ಮೊದಲೆಲ್ಲ ನಾನು 'ಇವತ್ತು ಸ್ವಲ್ಪ ಉಸಿರಾಡಬಹುದು' ಎಂದುಕೊಂಡು ಸುಮ್ಮನಾಗುತ್ತಿದ್ದೆ. 2025ರ ಸೆಪ್ಟೆಂಬರ್‌ನಿಂದ ಹಾಗೆ ಸುಮ್ಮನಿರುವಂತಿಲ್ಲ. ಹೇಳದೆ ಕೇಳದೆ ಮಗು ಬಾರದಿದ್ದರೆ, ಇಲ್ಲವೇ ಬಹಳ ದಿನ ಬಾರದಿದ್ದರೆ, ನಾವೇ ಅಪ್ಪ ಅಮ್ಮನನ್ನು ವಿಚಾರಿಸಬೇಕು. ಅವರು ಸಿಗದಿದ್ದರೆ ತುರ್ತಿಗೆಂದು ಕೊಟ್ಟ ಇತರ ನಂಬರುಗಳಿಗೆ ಫೋನು ಮಾಡಬೇಕು. ಗೈರುಹಾಜರಾದರೆ ಏನು ಮಾಡುತ್ತೇವೆ ಎಂದು ಮೊದಲೇ ಪೋಷಕರಿಗೆ ತಿಳಿಸಿರಬೇಕು. ಇದನ್ನು ಇನ್ನೊಂದು ಕಾಗದದ ಹೊರೆ ಎಂದು ಗೊಣಗುವ ಗೆಳತಿಯರು ನನಗಿದ್ದಾರೆ. ನಾನು ಗೊಣಗುವುದಿಲ್ಲ. ಮಾತು ಬಾರದ ಒಂದೂವರೆ ವರ್ಷದ ಮಗುವನ್ನು ವಾರಕ್ಕೆ ನಾಲ್ಕು ದಿನ ಮನೆಯ ಹೊರಗಿನ ಕಣ್ಣೊಂದು ನೋಡುತ್ತದೆ ಎಂದರೆ ಅದು ನನ್ನದು. ನನ್ನ ಬಾಗಿಲಿಗೆ ಬಾರದ ದಿನ ಅದನ್ನು ಬೇರೆ ಯಾರೂ ಹುಡುಕುವುದಿಲ್ಲ. ಈಗ ನನ್ನ ಪುಸ್ತಕದಲ್ಲಿ ಖಾಲಿ ಸಾಲು ಇರುವುದಿಲ್ಲ. 'ಬಂದಿಲ್ಲ. ಜ್ವರ. ಅಮ್ಮ 7.50ಕ್ಕೆ ಮೆಸೇಜ್.' ಅಥವಾ 'ಬಂದಿಲ್ಲ. ಸುದ್ದಿಯಿಲ್ಲ. 8.30ಕ್ಕೆ ಫೋನ್ ಮಾಡಿದೆ, ಅಪ್ಪ ಎತ್ತಿದರು, ನಿದ್ದೆ ಹೋಗಿದ್ದರಂತೆ.'

ಆ ತುರ್ತು ನಂಬರುಗಳೇ ನಮ್ಮವರಿಗೆ ಒಂದು ತೊಡಕು. ಇಲ್ಲಿಯ ಮನೆಗಳವರು ಅಜ್ಜಿಯದೋ ಅತ್ತೆಯದೋ ನಂಬರು ಬರೆದು ಕೊಡುತ್ತಾರೆ. ಬೆಂಗಳೂರಿನಿಂದ ಬಂದು ಆರು ತಿಂಗಳಾದ ದಂಪತಿ ಯಾರದನ್ನು ಕೊಟ್ಟಾರು? ಒಬ್ಬರು ಜಯನಗರದ ತಾತನ ಲ್ಯಾಂಡ್‌ಲೈನ್ ಬರೆದಿದ್ದರು. ತಾತನಿಗೆ ಮೊಮ್ಮಗಳ ಮೇಲೆ ಪ್ರೀತಿ ಇದ್ದೀತು, ಆದರೆ ಅರ್ಧ ಗಂಟೆಯಲ್ಲಿ ನನ್ನ ಬಾಗಿಲಿಗೆ ಬರಲಾರರು. ಕನ್ನಡ ಬಳಗದ ಯುಗಾದಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಹೋಳಿಗೆ ತಿಂದವರೊಬ್ಬರು ಹತ್ತಿರದಲ್ಲೇ ಇರುತ್ತಾರೆ. ಅವರನ್ನು ಕೇಳಿ ಎನ್ನುತ್ತೇನೆ. ಕೇಳಲು ಸಂಕೋಚ ಪಡುತ್ತಾರೆ, ಆದರೆ ಕೇಳಿಸಿಕೊಂಡವರು ಬೇಡ ಎಂದದ್ದನ್ನು ನಾನು ಕಂಡಿಲ್ಲ. ಊರಿನಿಂದ ಅಜ್ಜಿ ಬಂದಾಗ ಇನ್ನೊಂದು ಪಜೀತಿ. 'ಅಮ್ಮ ಬಂದಿದ್ದಾರೆ' ಎಂಬ ಖುಷಿಯಲ್ಲಿ ಮಗುವನ್ನು ಮನೆಯಲ್ಲೇ ಉಳಿಸಿಕೊಂಡು ನನಗೆ ಒಂದು ಮಾತು ಹೇಳುವುದನ್ನೇ ಮರೆಯುತ್ತಾರೆ. ನಾನು ಫೋನು ಮಾಡಿದರೆ ಎತ್ತುವುದು ಅಜ್ಜಿ. "ಯಾರಮ್ಮಾ ನೀನು?" ಎಂದು ಶುರುವಾದ ಮಾತು ಚಟ್ನಿಪುಡಿಯ ಪ್ರಮಾಣದವರೆಗೂ ಹೋಗುತ್ತದೆ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅದರ ಅರ್ಜಿಗಳ ಬಗ್ಗೆ ಒಳ್ಳೆಯ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಮೂರು ತುಂಬಿದ ಮಕ್ಕಳಿಗೆಲ್ಲ ಸರ್ಕಾರ ವಾರಕ್ಕೆ 15 ಗಂಟೆಯಂತೆ 38 ವಾರ, ಒಟ್ಟು 570 ಗಂಟೆಯ ಖರ್ಚು ಕೊಡುತ್ತದೆ. ದುಡಿಯುವ ಅಪ್ಪ ಅಮ್ಮಂದಿರ ಮಕ್ಕಳಿಗೆ 9 ತಿಂಗಳಿಂದಲೇ ವಾರಕ್ಕೆ 30 ಗಂಟೆ, ಅಂದರೆ 1,140 ಗಂಟೆ. ಇದು ಪೂರ್ತಿ ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಕೆಲಸದ ವೀಸಾದಲ್ಲಿರುವ ನಮ್ಮವರು ಇಲ್ಲಿ ಎಡವುತ್ತಾರೆ. ಇಬ್ಬರೂ ದುಡಿಯುತ್ತಿದ್ದರೂ, ಸರ್ಕಾರಿ ನೆರವು ಪಡೆಯುವ ಹಕ್ಕು ಇಬ್ಬರಲ್ಲಿ ಒಬ್ಬರಿಗಾದರೂ ಇಲ್ಲದಿದ್ದರೆ ಆ ಎರಡನೆಯದು ಸಿಗುವುದಿಲ್ಲ. ಮೂರು ವರ್ಷದ ಮೇಲಿನ 15 ಗಂಟೆ ಮಾತ್ರ ವೀಸಾ ಯಾವುದಾದರೂ ಸಿಗುತ್ತದೆ. ಈ ಹಣ ಕೌನ್ಸಿಲ್ ಮೂಲಕ ನಮಗೆ ಬರುತ್ತದೆ. ಪ್ರತಿ ಟರ್ಮಿಗೆ ಹೆಡ್‌ಕೌಂಟ್ ಕೊಡಬೇಕು, ಲೆಕ್ಕ ಪರಿಶೀಲನೆಗೆ ಬಂದವರು ಹಾಜರಿ ಪುಸ್ತಕ ಕೇಳುತ್ತಾರೆ. ಐದು ವಾರ ಊರಿಗೆ ಹೋಗುವವರು ಟಿಕೆಟ್ ಬುಕ್ ಮಾಡಿದ ದಿನವೇ ನಿಮ್ಮ ಚೈಲ್ಡ್‌ಮೈಂಡರ್‌ಗೆ ತಿಳಿಸಿ. ಅಷ್ಟು ಉದ್ದದ ಗೈರಿಗೆ ಹಣ ಕೊಡುವ ವಿಷಯದಲ್ಲಿ ಒಂದೊಂದು ಕೌನ್ಸಿಲಿನದು ಒಂದೊಂದು ದಾರಿ, ಅವಳು ಮೊದಲೇ ಕೇಳಿಕೊಳ್ಳಬೇಕು.

ಪೋಷಕರ ಸಹಿ ಕಡ್ಡಾಯವಲ್ಲ ಎಂದೆನಲ್ಲ, ಆದರೂ ನಾನು ಹಾಕಿಸುತ್ತೇನೆ. ಒಮ್ಮೆ ಒಬ್ಬ ತಂದೆಯ ಜೊತೆ ತಡವಾದ ಹೊತ್ತಿನ ಶುಲ್ಕದ ಜಗಳವಾಯಿತು. 'ನಾನು ಐದೂ ಮೂವತ್ತೈದಕ್ಕೆ ಬಂದೆ' ಎಂದು ಆತ, 'ಐದೂ ಐವತ್ತು' ಎಂದು ನಾನು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆತ ಕಾರು ನಿಲ್ಲಿಸಿದ ಹೊತ್ತು ಹೇಳುತ್ತಿದ್ದ, ನಾನು ಮಗುವಿನ ಶೂ ಸಿಕ್ಕಿದ ಹೊತ್ತು. ಈಗ ಸಹಿ ಹಾಕುವಾಗ ಪಕ್ಕದಲ್ಲಿರುವ ಹೊತ್ತನ್ನು ಅವರೇ ನೋಡುತ್ತಾರೆ. ಜಗಳ ಬಂದಿಲ್ಲ. ಒಬ್ಬರ ಸಾಲು ಇನ್ನೊಬ್ಬರ ಕಣ್ಣಿಗೆ ಬೀಳುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದು. ನನ್ನ ಪುಟದಲ್ಲಿ ಮಗುವಿನ ಮೊದಲ ಹೆಸರು, ಹೊತ್ತು, ಸಹಿ ಬಿಟ್ಟರೆ ಬೇರೇನಿಲ್ಲ. ಬಾರದ್ದಕ್ಕೆ ಕಾರಣ ಪುಸ್ತಕದ ಹಿಂಬದಿಯ ಹಾಳೆಗೆ ಹೋಗುತ್ತದೆ. ಫೋನ್ ನಂಬರು, ಅಲರ್ಜಿಯ ವಿವರ ಬೀಗ ಹಾಕಿದ ಪೆಟ್ಟಿಗೆಯಲ್ಲಿವೆ. ತುರ್ತು ನಂಬರುಗಳ ಒಂದು ಪ್ರತಿ ಮಾತ್ರ ಡಯಪರ್ ಚೀಲದ ಜಿಪ್ಪಿನೊಳಗೆ. ಆ್ಯಪ್ ಬಳಸುವ ಗೆಳತಿಯರು ಬಹಳ ಮಂದಿ. ಬಿಲ್ಲು ತಾನೇ ಆಗುತ್ತದೆ, ಪೋಷಕರಿಗೆ ಸುದ್ದಿ ಹೋಗುತ್ತದೆ, ಒಳ್ಳೆಯದೇ. ಆದರೆ ಮಕ್ಕಳ ವಿವರ ಫೋನಿಗೆ ಹೋಯಿತೆಂದರೆ ಮಾಹಿತಿ ರಕ್ಷಣೆಯ ಕಚೇರಿಯಲ್ಲಿ ವರ್ಷವರ್ಷ ಶುಲ್ಕ ಕಟ್ಟಿ ಹೆಸರು ದಾಖಲಿಸಬೇಕು. ಫೋನು ಒಲೆಯ ಪಕ್ಕ ಚಾರ್ಜಿಗೆ ಹಾಕಿದ್ದಾಗಲೇ ಅಲಾರಮ್ ಹೊಡೆದುಕೊಳ್ಳುತ್ತದೆ ಎಂಬುದು ನನ್ನ ಅನುಭವ. ನನ್ನ ಮತ ದಾರಕ್ಕೆ ಕಟ್ಟಿದ ಪೆನ್ನಿಗೇ.

ಮುಗಿದ ಪುಸ್ತಕಗಳನ್ನು ಎಸೆಯಬೇಡಿ. ಆದಾಯ ತೆರಿಗೆಯ ಲೆಕ್ಕ ಒಪ್ಪಿಸುವ ಜನವರಿ 31ರ ಗಡುವು ಕಳೆದು 5 ವರ್ಷ ದಾಖಲೆ ಇಟ್ಟಿರಬೇಕು. ಅದಕ್ಕಿಂತ ಉದ್ದದ ಕಾರಣ ಇನ್ನೊಂದಿದೆ. ನಮ್ಮ ಮನೆಯಲ್ಲಿ ಬಿದ್ದು ಪೆಟ್ಟು ಮಾಡಿಕೊಂಡ ಮಗು ದೊಡ್ಡದಾಗಿ, ಪರಿಹಾರಕ್ಕೆಂದು ತನ್ನ 21ನೇ ವಯಸ್ಸಿನವರೆಗೂ ನ್ಯಾಯಾಲಯಕ್ಕೆ ಹೋಗಬಹುದು. ಆ ದಿನ ಮಗು ನಮ್ಮ ಮನೆಯಲ್ಲಿ ಇತ್ತೇ, ಎಷ್ಟು ಹೊತ್ತಿನವರೆಗೆ ಇತ್ತು ಎಂದು ಹೇಳಲು ಆಗ ನಮಗಿರುವ ಸಾಕ್ಷಿ ಈ ಪುಸ್ತಕವೇ. ಅಟ್ಟದಲ್ಲಿ ನನ್ನ ಪೆಟ್ಟಿಗೆಗಳು ಬೆಳೆಯುತ್ತಿವೆ, ಗಂಡ ಅದಕ್ಕೆ ಶಾನುಭೋಗರ ಕಡತ ಎಂದು ಹೆಸರಿಟ್ಟಿದ್ದಾನೆ.

ಆ ಕಡತದಲ್ಲಿ ಒಂದು ಸೋಮವಾರ ಮೊದಲ ಮಗು 7.05ಕ್ಕೆ ಬಂದಿದೆ, ಎರಡನೆಯದು 8.20ಕ್ಕೆ. ಮೊದಲನೆಯ ಹೊತ್ತಿನ ಮೇಲೆ ಒಂದೇ ಗೀಟು, ಪಕ್ಕದಲ್ಲಿ 8.05, ಅದರ ಪಕ್ಕ ನನ್ನ ಸಹಿ. ತಪ್ಪಾದರೆ ಹಾಗೇ ತಿದ್ದಬೇಕು, ಹಳೆಯದು ಓದುವಂತಿರಬೇಕು, ವೈಟ್ನರ್ ಬಳಿಯಬೇಡಿ. ಆ ತಪ್ಪು ಗಡಿಯಾರದ್ದು. ಈ ದೇಶದಲ್ಲಿ ಮಾರ್ಚ್ ತಿಂಗಳ ಕೊನೆಯ ಭಾನುವಾರ ಹೊತ್ತು ಒಂದು ಗಂಟೆ ಮುಂದೆ ಹೋಗುತ್ತದೆ. ಫೋನು ತಾನೇ ತಿದ್ದಿಕೊಳ್ಳುತ್ತದೆ. ಬಾಗಿಲ ಮೇಲಿನ ಗೋಡೆ ಗಡಿಯಾರವನ್ನು ನೀವೇ ತಿದ್ದಬೇಕು, ಭಾನುವಾರ ರಾತ್ರಿ ಮಲಗುವ ಮುಂಚೆ.